ಬಾಲವಿಲ್ಲದ ಗಂಟು

ಅಂಗಡಿಯ ಹಿಂದಿನ ಕೋಣೆಯಿಂದ
ತಾರೀಖು ೨೧, ಶುಕ್ರವಾರ ಮಧ್ಯಾಹ್ನ

ಅಪ್ಪನ ಗುಂಡುಸೂಜಿಗೆ,

ಹೇಗಿದ್ದೀಯ ಮಗಳೇ? ಅಳಿಯಂದಿರು ಹೇಗಿದ್ದಾರೆ? ನಿನ್ನ ಎರಡೂ ಕಾಗದ ಬಂದವು, ಜೊತೆಗೆ ಕಳಿಸಿದ ಮೆತ್ತನೆ ಬ್ರಷ್ಷೂ ಬಂತು. ಮೊದಲ ಕಾಗದ ಬಂದು ಹತ್ತು ದಿನವಾಯಿತು, ಎರಡನೆಯದು ಬಂದು ಆರು. ಉತ್ತರ ಬರೆಯದ ಅಪ್ಪನನ್ನು ಬೈದುಕೊಂಡಿರುತ್ತೀಯ, ಬೈದುಕೋ. ಬಾಯಲ್ಲಿ ಹೊಲಿಗೆ ಇತ್ತು ಎಂದು ನೆಪ ಹೇಳಬಹುದಿತ್ತು, ಆದರೆ ಕಾಗದ ಬರೆಯುವುದು ಕೈಯಿಂದ ತಾನೇ. ಆ ಒಂದು ಭಾನುವಾರ ಬಿಟ್ಟು ನೀನು ಫೋನು ಮಾಡಿದಾಗಲೆಲ್ಲ ‘ಅವರಿಗೆ ಮಾತಾಡೋಕೆ ಆಗಲ್ಲ’ ಎಂದು ನಿನ್ನ ಅಮ್ಮ ಹೇಳುತ್ತಿದ್ದಳಲ್ಲ, ಅದೂ ನಾನೇ ಹೇಳಿಸಿದ್ದು. ಮೂರನೇ ದಿನದಿಂದಲೇ ಮಾತಾಡಬಹುದು ಎಂದಿದ್ದರು ಡಾಕ್ಟರು. ನಿನ್ನ ದನಿ ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಮೊದಲು ಆರೋಗ್ಯದ ಸುದ್ದಿ ಹೇಳಿಬಿಡುತ್ತೇನೆ, ಅದೊಂದನ್ನು ತಲೆ ಎತ್ತಿಕೊಂಡು ಹೇಳಬಹುದು. ಊತ ಪೂರ್ತಿ ಇಳಿದಿದೆ. ಮಂಗಳವಾರ ಹೊಲಿಗೆ ಬಿಚ್ಚಿದರು. ಎಕ್ಸ್‌ರೇ ತೆಗೆದು ನೋಡಿದರು, ದವಡೆಯಲ್ಲಿ ಕೂರಿಸಿದ ಸ್ಕ್ರೂ ಅಲ್ಲಾಡದೆ ನಿಂತಿದೆಯಂತೆ. ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಇನ್ನೂ ನಾಲ್ಕು ತಿಂಗಳು ಬೇಕು, ಆಮೇಲೆ ಅದರ ಮೇಲೊಂದು ಹಲ್ಲು ಕೂರಿಸುತ್ತಾರೆ. ಅಲ್ಲಿಯವರೆಗೆ ನಾನು ನಕ್ಕರೆ ಕಿಟಕಿ ತೆರೆದ ಹಾಗೆ. ದಿನಕ್ಕೆ ನಾಲ್ಕು ಸಲ ಉಪ್ಪುನೀರು, ಊಟ ಎಂದರೆ ಸೂಪು, ಮೊಸರು, ಬೇಯಿಸಿ ಹಿಸುಕಿದ ಆಲೂಗಡ್ಡೆ. ಬಿಸಿ ಇಲ್ಲ, ಖಾರ ಇಲ್ಲ. ಮಲಗುವಾಗ ತಲೆಗೆ ಎರಡು ದಿಂಬು. ಮೊನ್ನೆಯವರೆಗೆ ನಿನ್ನ ಅಮ್ಮ ಮಾತ್ರ ಖುಷಿಯಾಗಿದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಮನೆ ಸ್ವಲ್ಪ ತಣ್ಣಗಿದೆ, ಉಳಿದ ಹಲ್ಲುಗಳಿಗೂ ಇದೇ ಆಪರೇಷನ್ ಮಾಡಿಸಿಬಿಡೋಣ ಎನ್ನುತ್ತಿದ್ದಳು.

ಈಗ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಯಾಕೆಂದರೆ ಈ ತಿಂಗಳು ಮುಗಿಯುವುದರೊಳಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಚಿಕ್ಕ ಡಾಕ್ಟರ ಮೇಲೆ ನೀನು ಆಸ್ಪತ್ರೆಗೆ ಬರೆದ ದೂರನ್ನು ವಾಪಸು ತೆಗೆದುಕೊಳ್ಳಬೇಕು. ಆಕೆ ಹಾಕಿದ ಹೊಲಿಗೆ ತಾನಾಗಿ ಬಿಚ್ಚಿಕೊಳ್ಳಲಿಲ್ಲ ಮಗಳೇ. ನಾನೇ ಕತ್ತರಿಸಿದೆ.

ಓದಿ ಸಿಟ್ಟು ಬಂದರೆ ಕಾಗದ ಕೆಳಗಿಟ್ಟು ಒಂದು ಲೋಟ ನೀರು ಕುಡಿ. ಎಲ್ಲ ಬಿಡಿಸಿ ಬರೆಯುತ್ತೇನೆ.

ಈ ಹಲ್ಲು ಹೋದದ್ದು ಹೇಗೆಂದು ನಿನಗೆ ಗೊತ್ತು. ನಲವತ್ತು ವರ್ಷ ದಾರವನ್ನು ಹಲ್ಲಿನಲ್ಲೇ ಕಡಿದೆ. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು, ಆದರೆ ಎರಡೂ ಕೈ ಬಟ್ಟೆ ಹಿಡಿದಿರುವಾಗ ಕತ್ತರಿ ಹುಡುಕುವವರು ಯಾರು? ಮೇಲಿನ ಮುಂದಿನ ಹಲ್ಲಿನಲ್ಲಿ ದಾರ ಕೂರುವಷ್ಟು ಒಂದು ಕಚ್ಚು ಬಿದ್ದಿತ್ತು. ಕಳೆದ ವರ್ಷ ಒಂದು ದಪ್ಪ ಕೋಟಿನ ಗುಂಡಿಯ ದಾರ ಕಡಿಯುವಾಗ ಆ ಕಚ್ಚಿನಿಂದಲೇ ಬಿರುಕು ಬಿಟ್ಟಿತು, ಬುಡದವರೆಗೆ ಹೋಯಿತು. ದೊಡ್ಡ ಡಾಕ್ಟರು ನನ್ನ ಬಾಯಿ ನೋಡಿದ ತಕ್ಷಣ ನೀವು ಟೈಲರ್ ಅಲ್ಲವೇ ಎಂದು ಕೇಳಿದ್ದರು. ನನಗೆ ಅದು ಬಹುಮಾನ ಕೊಟ್ಟಷ್ಟು ಹೆಮ್ಮೆಯಾಗಿತ್ತು ನೋಡು.

ಮೂರನೇ ತಾರೀಖು ಸೋಮವಾರ ಆಪರೇಷನ್ ಆಯಿತು. ದೊಡ್ಡ ಡಾಕ್ಟರು ಸ್ಕ್ರೂ ಕೂರಿಸಿದರು, ವಸಡು ಹೊಲಿದದ್ದು ಚಿಕ್ಕ ಡಾಕ್ಟರು. ಆಕೆಗೆ ನಿನಗಿಂತ ಹತ್ತು ವರ್ಷವಾದರೂ ಕಡಿಮೆ ಇರಬೇಕು. ಓದು ಮುಗಿಸಿ ಅಲ್ಲಿ ಒಂದು ವರ್ಷದ ಪರೀಕ್ಷಾವಧಿಯ ಕೆಲಸದಲ್ಲಿದ್ದಾಳೆ. ನನಗೆ ಮರಗಟ್ಟಿಸುವ ಸೂಜಿ ಕೊಟ್ಟಿದ್ದರಿಂದ ನೋವಿರಲಿಲ್ಲ, ಮೇಲಿನ ದೀಪದ ಗಾಜಿನಲ್ಲಿ ಆಕೆಯ ಕೈ ಕಾಣುತ್ತಿತ್ತು. ಸೂಜಿ ಬಾಗಿದ್ದು, ದಾರ ಗಾಳದ ದಾರದಂತೆ ನುಣ್ಣಗಿತ್ತು. ಮೂರು ಗಂಟು ಹಾಕಿದಳು. ಕೈ ಚೆನ್ನಾಗಿತ್ತು, ಅದನ್ನು ಆವತ್ತೇ ಒಪ್ಪಿಕೊಂಡಿದ್ದೆ. ಆದರೆ ಪ್ರತಿ ಗಂಟಿಗೂ ಎರಡು ಅಕ್ಕಿಕಾಳಿನಷ್ಟು ದಾರದ ಬಾಲ ಬಿಟ್ಟು ಕತ್ತರಿಸಿದಳು. ನನ್ನ ಅಂಗಡಿಯಲ್ಲಿ ಯಾರಾದರೂ ಹಾಗೆ ಬಾಲ ಬಿಟ್ಟಿದ್ದರೆ ಆ ಬಟ್ಟೆ ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ.

ಮನೆಗೆ ಹೊರಡುವ ಮುಂಚೆ ಆಕೆ ಒಂದು ಹಾಳೆ ಕೊಟ್ಟು ಎರಡೆರಡು ಸಲ ಓದಿ ಹೇಳಿದಳು. ಅದರಲ್ಲಿ ಏಳನೆಯದು, ಹೊಲಿಗೆಯನ್ನು ಬೆರಳಿನಿಂದಾಗಲಿ ನಾಲಿಗೆಯಿಂದಾಗಲಿ ಮುಟ್ಟಬಾರದು ಎಂದು. ನಿನ್ನ ಅಮ್ಮ ಆ ಹಾಳೆಯನ್ನು ಬಚ್ಚಲಿನ ಕನ್ನಡಿಗೆ ಅಂಟಿಸಿದಳು. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಮೂರು ದಿನ ಸುಮ್ಮನಿದ್ದೆ. ನಾಲ್ಕನೇ ದಿನ ಅಂಗಡಿಗೆ ಬಂದು ಸುಮ್ಮನೆ ಕೂತಿದ್ದೆ, ಆ ಬಾಲಗಳು ತುಟಿಯ ಒಳಗೆ ಚುಚ್ಚುತ್ತಿದ್ದವು. ಚುಚ್ಚಿದ್ದನ್ನಾದರೂ ತಡೆಯಬಹುದಿತ್ತು. ಬಾಯೊಳಗೆ ಮೂರು ದಾರದ ತುದಿ ನೇತಾಡುತ್ತಿವೆ ಎಂಬುದನ್ನು ತಡೆಯಲು ಆಗಲಿಲ್ಲ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಕನ್ನಡಿಯ ಮುಂದೆ ನಿಂತೆ, ತುಟಿ ಎತ್ತಿದೆ, ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು ಮೂರೂ ಬಾಲಗಳನ್ನು ಗಂಟಿನ ಬುಡಕ್ಕೇ ಕತ್ತರಿಸಿದೆ. ನಮ್ಮ ಹತ್ತಿ ದಾರಕ್ಕೆ ಹಾಗೆ ಮಾಡಿದರೆ ಏನೂ ಆಗುವುದಿಲ್ಲ, ಗಂಟು ಹಾಗೇ ಬಿಗಿಯಾಗಿರುತ್ತದೆ. ನುಣುಪು ದಾರಕ್ಕೆ ಆ ಬಾಲವೇ ಆಧಾರ, ಅದಿಲ್ಲದಿದ್ದರೆ ಗಂಟು ಜಾರುತ್ತದೆ. ಇದು ಆ ಹುಡುಗಿಗೆ ಗೊತ್ತಿತ್ತು. ನಲವತ್ತು ವರ್ಷದ ಮಾಸ್ಟರಿಗೆ ಗೊತ್ತಿರಲಿಲ್ಲ. ಕತ್ತರಿಸಿ ಮುಗಿಸಿ ಕನ್ನಡಿಯಲ್ಲಿ ನೋಡಿಕೊಂಡು, ಈಗ ನೀಟಾಯಿತು ಎಂದು ನನಗೆ ನಾನೇ ಭೇಷ್ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಒಂದು ಸೀನು ಬಂತು, ಎರಡು ಗಂಟು ಬಿಟ್ಟುಕೊಂಡವು. ವಸಡು ಬಾಯಿಬಿಟ್ಟು ಒಳಗಿನ ಲೋಹ ಕಾಣಿಸಿತು. ಶನಿವಾರದ ಹೊತ್ತಿಗೆ ಮೂಗಿನವರೆಗೆ ಊತ, ಜ್ವರ. ನಿನ್ನ ಅಮ್ಮ ನನ್ನನ್ನು ಹೊರಡಿಸಿಕೊಂಡು ಆಸ್ಪತ್ರೆಗೆ ಹೋದಳು.

ಅಲ್ಲಿ ಕಾಯುವ ಕೋಣೆ ತುಂಬಿತ್ತು. ನಮ್ಮ ಪಕ್ಕದ ಕನ್ನಡಕದ ಅಂಗಡಿಯವರೂ ಹಲ್ಲುನೋವೆಂದು ಕೂತಿದ್ದರು. ದೊಡ್ಡ ಡಾಕ್ಟರು ಬಾಗಿಲಲ್ಲೇ ನನ್ನ ಮುಖ ನೋಡಿ ಗಾಬರಿಯಾಗಿ, ಏನಾಯಿತು, ಹೊಲಿಗೆ ಮುಟ್ಟಿದಿರಾ ಎಂದು ಕೇಳಿದರು. ಒಂದು ಕ್ಷಣ, ಒಂದೇ ಒಂದು ಕ್ಷಣ ನಿಜ ಹೇಳೋಣ ಅನ್ನಿಸಿತು. ಆದರೆ ಕನ್ನಡಕದವರು ಬೀದಿಗೆಲ್ಲ ಹೇಳುವುದು ಕಿವಿಗೆ ಕೇಳಿಸಿತು, ಟೈಲರ್ ಮಾಸ್ಟರ್ ತನ್ನ ಬಾಯಿಯ ಹೊಲಿಗೆಯನ್ನೇ ಆಲ್ಟರೇಷನ್ ಮಾಡಿಕೊಂಡನಂತೆ ಎಂದು. ಅಷ್ಟು ಸಾಕಾಯಿತು ನನಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಊದಿದ ಬಾಯಲ್ಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

‘ಮುಟ್ಟೋಕೆ ನಾನೇನು ಮಗೂನಾ? ನಲವತ್ತು ವರ್ಷ ಸೂಜಿ ಹಿಡಿದಿದ್ದೀನಿ. ಬಿಗಿ ಇಲ್ಲದ ಹೊಲಿಗೆ ನೋಡಿದ್ರೆ ನಂಗೆ ಗೊತ್ತಾಗುತ್ತೆ. ಹೊಲಿಯೋಕೆ ಬರದವರ ಕೈಗೆ ಸೂಜಿ ಯಾಕೆ ಕೊಡ್ತೀರಿ?’

ಚಿಕ್ಕ ಡಾಕ್ಟರು ದೊಡ್ಡವರ ಹಿಂದೆಯೇ ನಿಂತಿದ್ದಳು. ಬಾಯಿತಪ್ಪಿ ಬಂದ ಮಾತಾಗಿದ್ದರೆ ಬೇರೆ, ಇದು ಅಳೆದು ಕತ್ತರಿಸಿದ ಸುಳ್ಳು. ಹೇಳಿದ ಮೇಲೆ ನನಗೆ ಹಗುರವಾಯಿತು ಕೂಡ, ನಿಜ ಹೇಳುತ್ತಿದ್ದೇನೆ. ಒಳಗೆ ಕುರ್ಚಿಯ ಮೇಲೆ ಮಲಗಿಸಿದಾಗ ಆಕೆ ಪುಟ್ಟ ಕನ್ನಡಿ ಹಿಡಿದು ಬಾಯೊಳಗೆ ನೋಡಿದಳು. ಉಳಿದಿದ್ದ ಒಂದೇ ಗಂಟಿನ ಹತ್ತಿರ ಆಕೆಯ ಕಣ್ಣು ನಿಂತಿತು. ಆಮೇಲೆ ನನ್ನ ಮುಖ ನೋಡಿದಳು. ನಾನು ದೀಪ ನೋಡಿದೆ. ಆಕೆ ಕನ್ನಡಿ ಟ್ರೇಯಲ್ಲಿಟ್ಟು ಪಕ್ಕಕ್ಕೆ ಸರಿದಳು. ದೊಡ್ಡ ಡಾಕ್ಟರೇ ಕ್ಲೀನ್ ಮಾಡಿ ಮತ್ತೆ ಹೊಲಿದರು. ಅವರೂ ಬಾಲ ಬಿಟ್ಟೇ ಕತ್ತರಿಸಿದರು.

ಆಮೇಲಿನದು ನಿನಗೆ ಗೊತ್ತು. ಭಾನುವಾರ ನೀನು ಫೋನು ಮಾಡಿದಾಗ ಅದೇ ಸುಳ್ಳನ್ನು ನಿನಗೂ ಹೇಳಿದೆ, ಇನ್ನೂ ಸ್ವಲ್ಪ ಉಪ್ಪುಖಾರ ಹಚ್ಚಿ. ನಿನಗೆ ಕೋಪ ಬಂದರೆ ಗುಂಡುಸೂಜಿಯೇ ಅಲ್ಲವೇ, ಸೋಮವಾರವೇ ನೀನು ದೂರು ಬರೆದು ಕಳಿಸಿದೆ. ಪತ್ರ ಬರೆಯುವ ಕಚೇರಿಯಲ್ಲಿ ಹನ್ನೆರಡು ವರ್ಷ ಕೂತವಳು, ಅಲ್ಲಾಡಿಸಲಾಗದ ಹಾಗೆ ಬರೆದಿದ್ದೆ. ಅದರ ನಕಲು ನನಗೂ ಬಂತು. ಒಂದು ಜಾಗದವರೆಗೆ ಓದಿದೆ, ಅಲ್ಲಿಂದ ಮುಂದೆ ಹೋಗಲಿಲ್ಲ. ಆ ವಾರದಿಂದಲೇ ಆಕೆಯ ಕೈಯಿಂದ ಸೂಜಿ ಕಿತ್ತುಕೊಂಡರು. ಈಗ ಚೀಟಿ ಬರೆಯುತ್ತಾಳೆ, ಹಲ್ಲಿನ ಅಚ್ಚು ತೆಗೆಯುವ ಪುಡಿ ಕಲಸುತ್ತಾಳೆ, ಹೆಚ್ಚೆಂದರೆ ಹೊಲಿಗೆ ಬಿಚ್ಚುತ್ತಾಳೆ. ಆಕೆಯ ಪರೀಕ್ಷಾವಧಿ ಈ ಮೂವತ್ತೊಂದಕ್ಕೆ ಮುಗಿಯುತ್ತದೆ. ಫೈಲಿನಲ್ಲಿ ದೂರು ಇದ್ದರೆ ಕಾಯಂ ಮಾಡುವುದಿಲ್ಲವಂತೆ.

ಇಷ್ಟಾದರೂ ಆ ಹುಡುಗಿ ದಿನಾ ಸಂಜೆ ಆರಕ್ಕೆ ಮನೆಗೆ ಫೋನು ಮಾಡುತ್ತಿದ್ದಳು. ಊತ ಇಳಿಯಿತಾ, ಜ್ವರ ಇದೆಯಾ, ಮಾತ್ರೆ ಮುಗಿಯುವವರೆಗೂ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೇಳುತ್ತಿದ್ದಳು. ನಾನು ಫೋನು ಮುಟ್ಟುತ್ತಿರಲಿಲ್ಲ. ನಿನ್ನ ಅಮ್ಮನಿಗೆ ಅದೊಂದು ಒಗಟಾಗಿತ್ತು. ದೂರು ಕೊಟ್ಟವರ ಮನೆಗೇ ಫೋನು ಮಾಡುತ್ತಾಳಲ್ಲ, ಇವಳು ಭಂಡಳೋ ಒಳ್ಳೆಯವಳೋ ಗೊತ್ತಾಗಲ್ಲ ಎಂದಳು ಒಂದು ದಿನ. ನಾನು ಮೊಸರಿನ ಬಟ್ಟಲು ಎತ್ತಿಕೊಂಡು ಅಂಗಡಿಗೆ ಬಂದುಬಿಟ್ಟೆ.

ಮಂಗಳವಾರ ಹೊಲಿಗೆ ಬಿಚ್ಚಿದವಳು ಆಕೆಯೇ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನೋವಾಗದ ಹಾಗೆ ಒಂದೊಂದೇ ದಾರ ಎಳೆದು ಹತ್ತಿಯ ಮೇಲೆ ಇಟ್ಟಳು. ಬಾಯಿ ತೊಳೆಸಿದಳು. ಆಮೇಲೆ ಕೈಗವಸು ತೆಗೆಯುತ್ತಾ, ನನ್ನ ಮುಖ ನೋಡದೆ ಹೇಳಿದಳು:

‘ಮಾಸ್ಟರ್, ನಾನು ಯಾವಾಗ್ಲೂ ಬಾಲ ಬಿಟ್ಟೇ ಕತ್ತರಿಸೋದು. ಆವತ್ತು ನಿಮ್ಮ ಬಾಯಲ್ಲಿ ಉಳಿದಿದ್ದ ಗಂಟಿಗೆ ಬಾಲ ಇರ್ಲಿಲ್ಲ.’

ಹಾಗಿದ್ದರೆ ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೋಡು, ಕಳ್ಳನಾದ ನಾನು ಅವಳನ್ನೇ ಪ್ರಶ್ನೆ ಕೇಳಿದೆ.

‘ಹೇಳಿದ್ರೆ ತನ್ನ ತಪ್ಪನ್ನ ಪೇಶಂಟ್ ತಲೆಗೆ ಕಟ್ತಾಳೆ ಅಂತಿದ್ರು. ಆಮೇಲೆ... ನೀವೇ ಹೇಳ್ತೀರ ಅಂದ್ಕೊಂಡೆ. ದಿನಾ ಫೋನ್ ಮಾಡ್ದಾಗ್ಲೂ ಇವತ್ತು ಹೇಳ್ತಾರೇನೋ ಅಂದ್ಕೋತಿದ್ದೆ.’

ಇಷ್ಟೇ ಹೇಳಿ, ಇನ್ನೆರಡು ವಾರ ಗಟ್ಟಿ ಪದಾರ್ಥ ಬೇಡ, ಆ ಕಡೆ ಬ್ರಷ್ ಜೋರಾಗಿ ಉಜ್ಜಬೇಡಿ ಎಂದು ಚೀಟಿ ಬರೆದು ಕೈಗಿಟ್ಟಳು. ನಾನು ಆ ಚೀಟಿ ಹಿಡಿದುಕೊಂಡು ಮೂರು ಬೀದಿ ಸುತ್ತಿ ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕವರೆಲ್ಲ ಹಲ್ಲು ಹೇಗಿದೆ ಎಂದು ಕೇಳಿದರು, ಚೆನ್ನಾಗಿದೆ ಎಂದೆ.

ಅವತ್ತೇ ನಿನಗೆ ಒಂದು ಕಾಗದ ಬರೆದೆ. ಏನು ಬರೆದೆ ಗೊತ್ತೇ? ‘ಪಾಪ, ಚಿಕ್ಕ ಹುಡುಗಿ, ಕೈತಪ್ಪಾಗಿದೆ, ಹೋಗಲಿ ಬಿಡು, ನಾವು ದೊಡ್ಡವರು ಕ್ಷಮಿಸಿಬಿಡೋಣ, ದೂರು ವಾಪಸು ತೆಗೆದುಕೋ’ ಎಂದು. ಬರೆದು ಓದಿಕೊಂಡೆ. ಕೆಲಸವೂ ಆಗುತ್ತದೆ, ಅಪ್ಪ ಎಷ್ಟು ದೊಡ್ಡ ಮನಸ್ಸಿನವರು ಎಂದು ನೀನು ಅಳಿಯಂದಿರ ಹತ್ತಿರ ಹೇಳಿಕೊಳ್ಳುತ್ತೀಯ. ಅದನ್ನು ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ಅಂಟು ಒಣಗುವ ಮುಂಚೆ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಹರಿದು ಹಾಕಿದೆ. ನನ್ನಂಥವನು ಕ್ಷಮೆ ಕೇಳುವುದು ಬಿಟ್ಟು ಕ್ಷಮೆ ಕೊಡಲು ಹೊರಟಿದ್ದೆನಲ್ಲ, ಇದಕ್ಕಿಂತ ನಾಚಿಕೆಗೇಡು ಉಂಟೇ?

ಬುಧವಾರ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ಬೈಯಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡಿದರು. ದೂರು ನಿಮ್ಮ ಮಗಳ ಸಹಿಯಲ್ಲಿದೆ, ಅವರೇ ಬರೆದು ವಾಪಸು ತೆಗೆದುಕೊಂಡರೆ ಮಾತ್ರ ಫೈಲಿನಿಂದ ತೆಗೆಯಬಹುದು, ಕಾರಣವನ್ನೂ ಬರೆಯಬೇಕು ಎಂದರು. ಆಮೇಲೆ, ನೀವು ಆ ಮಾತು ಹೇಳಿದ್ದು ಹೊರಗೆ, ಎಲ್ಲರ ಮುಂದೆ ಎಂದು ನೆನಪಿಸಿದರು. ಅರ್ಥವಾಯಿತು. ಹೊರಗೆ ಬಂದೆ. ಆರು ಜನ ಕೂತಿದ್ದರು, ಆಕೆ ಮೇಜಿನ ಹತ್ತಿರ ಚೀಟಿ ಬರೆಯುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡಿದರು. ‘ಮುಂದಿನ ಸಲ ಯಾವಾಗ ಬರಬೇಕು?’ ಎಂದು ಕೇಳಿದೆ. ಆಕೆ ತಾರೀಖು ಹೇಳಿದಳು.

ಹೀಗಿದೆ ನೋಡು ನಿನ್ನ ಅಪ್ಪನ ಧೈರ್ಯ. ಅವತ್ತು ಸಂಜೆ ಆರಕ್ಕೆ ಮತ್ತೆ ಫೋನು ಬಂತು, ಈ ಸಲ ನಾನೇ ಎತ್ತಿದೆ. ಊತದ ವಿಷಯ ಕೇಳಿ, ಡಾಕ್ಟರ್ ಎಲ್ಲ ಹೇಳಿದರು, ನಿಮಗೆ ಕಷ್ಟವಾಗಿರಬೇಕು ಎಂದಳು. ನನಗೆ ಕಷ್ಟವಂತೆ! ಫೋನಿಟ್ಟು ಮನೆಯ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ನಿನ್ನ ಅಮ್ಮ ಹಲ್ಲುನೋವು ಎಂದುಕೊಂಡು ಐಸು ತಂದಳು. ಅವಳಿಗೆ ಆಗಲೇ ಎಲ್ಲ ಹೇಳಿದೆ. ಐಸಿನ ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದಳು, ನಿನ್ನೆಯಿಡೀ ನನ್ನ ಹತ್ತಿರ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಸೂಪು ತಂದು ಮುಂದಿಟ್ಟು, ಮಗಳಿಗೆ ಬರೆದಾಯಿತಾ ಎಂದಷ್ಟೇ ಕೇಳಿದಳು.

ಅದಕ್ಕೇ ಬರೆಯುತ್ತಿದ್ದೇನೆ. ದೂರು ವಾಪಸು ತೆಗೆದುಕೊಳ್ಳುವ ಕಾಗದವನ್ನು ಇದು ಕೈಗೆ ಸಿಕ್ಕ ದಿನವೇ ಕಳಿಸು. ಕಾರಣದ ಜಾಗದಲ್ಲಿ ‘ತಂದೆಯವರ ವಯಸ್ಸು, ಮರೆವು, ತಪ್ಪು ತಿಳಿವಳಿಕೆ’ ಎಂದೆಲ್ಲ ಮೆದು ಮಾಡಿ ಬರೆಯಬೇಡ. ನೀನು ಹಾಗೆ ಬರೆಯಬಲ್ಲೆ, ನನಗೆ ಗೊತ್ತು. ‘ನನ್ನ ತಂದೆ ಹೊಲಿಗೆಯನ್ನು ತಾವೇ ಕತ್ತರಿಸಿ, ಸುಳ್ಳು ಹೇಳಿದರು’ ಎಂದು ಬರೆ. ನಾನೂ ಅದೇ ಮಾತನ್ನು ನನ್ನ ಕೈಯಲ್ಲಿ ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ, ಸೇರಿಸಿ ಕಳಿಸು. ನಾಳೆ ಶನಿವಾರ, ಅಲ್ಲಿ ಜನ ಹೆಚ್ಚು. ಹತ್ತು ಗಂಟೆಗೆ ಹೋಗಿ ಕಾಯುವ ಕೋಣೆಯಲ್ಲಿ ನಿಂತು ಹೇಳುತ್ತೇನೆ. ನಿನ್ನ ಅಮ್ಮನೂ ಬರುತ್ತಾಳಂತೆ, ನಾನು ಮತ್ತೆ ತಾರೀಖು ಕೇಳಿಕೊಂಡು ಬರಬಾರದಲ್ಲ.

ಅಳಿಯಂದಿರಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆ ತಂಪಾಗಿರಲಿ, ನಿನ್ನ ಮಾತಿಗೆ ಎಲ್ಲೆಲ್ಲೂ ಬೆಲೆ ಸಿಗಲಿ ಎಂದು ಹರಸುತ್ತೇನೆ. ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಆಸೆಯಂತೂ ಇದೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯದೆ ಕವರು ಅಂಟಿಸಬೇಕೆಂದಿದ್ದೆ. ನಿನ್ನ ದೂರಿನಲ್ಲಿ ನಾನು ಮುಂದೆ ಓದಲಾರದೆ ನಿಂತ ಜಾಗ ಯಾವುದೆಂದರೆ, ‘ನನ್ನ ತಂದೆ ತಮ್ಮ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವವರಲ್ಲ, ಮಗಳಾಗಿ ನನಗೆ ಇದು ಗೊತ್ತು’ ಎಂಬ ಸಾಲು. ನಿನಗೆ ಹದಿನಾರು ವರ್ಷ, ರಜೆಯಲ್ಲಿ ಅಂಗಡಿಗೆ ಬಂದು ಕಲಿಯುತ್ತಿದ್ದೆ. ನಿವೃತ್ತಿಯಾಗುತ್ತಿದ್ದ ಪೋಸ್ಟ್ ಮಾಸ್ಟರ ಕೋಟಿಗೆ ಅಳತೆ ತೆಗೆದವಳು ನೀನು. ಸಮಾರಂಭದ ಹಿಂದಿನ ದಿನ ಅವರು ಕೋಟು ಹಾಕಿ ನೋಡಿದರೆ ಹೆಗಲು ಹಿಡಿಯಿತು, ತೋಳು ಮೇಲೇಳಲಿಲ್ಲ. ನಾನು ಅವರ ಮುಂದೆಯೇ ಮಗಳು ಅಳತೆ ತಪ್ಪು ಬರೆದಿದ್ದಾಳೆ ಎಂದೆ, ಕೈಯೆತ್ತಿ ನಿನಗೆ ಹೊಡೆದೆ. ಅಳತೆಯ ಪುಸ್ತಕ ತೆಗೆದು ತೋರಿಸಿದೆ, ಅದರಲ್ಲಿ ಹೆಗಲಿನ ಅಳತೆ ಹದಿನಾರೂವರೆ ಎಂದಿತ್ತು. ನೀನು ಆ ಪುಸ್ತಕವನ್ನು ತುಂಬ ಹೊತ್ತು ನೋಡಿ, ನನ್ನ ಕೈಗೆ ಅಳತೆ ಒಲಿಯಲ್ಲ ಅಪ್ಪ ಎಂದು ಟೇಪನ್ನು ಮೊಳೆಗೆ ಹಾಕಿ ಹೋದೆ. ಮತ್ತೆ ಮುಟ್ಟಲಿಲ್ಲ. ನೀನು ಬರೆದದ್ದು ಹದಿನೇಳೂವರೆ. ಕನ್ನಡಕ ಹಾಕಿಕೊಳ್ಳಲು ನಾಚಿಕೆಪಟ್ಟು ತಪ್ಪು ಓದಿ ಬಟ್ಟೆ ಕತ್ತರಿಸಿದವನು ನಾನು. ಅವರು ಬಿಗಿಯಾದ ಕೋಟು ಬಿಚ್ಚಲು ಪರದೆಯ ಹಿಂದೆ ಹೋದಾಗ ಪುಸ್ತಕ ತೆರೆದು ನೋಡಿದೆ, ತಪ್ಪು ನನ್ನದೆಂದು ಆಗಲೇ ತಿಳಿಯಿತು, ರಬ್ಬರಿನಿಂದ ಏಳನ್ನು ಅಳಿಸಿ ಆರು ಮಾಡಿದೆ. ಇಪ್ಪತ್ತು ವರ್ಷದಿಂದ ಇದು ನಿನ್ನ ಅಮ್ಮನಿಗೂ ಗೊತ್ತಿಲ್ಲ. ಆ ಹಾಳೆಯನ್ನು ಕಿತ್ತು ಇದರೊಳಗೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದು ನೋಡು, ಏಳು ಈಗಲೂ ಕಾಣುತ್ತದೆ. ನಿನ್ನ ಅಳತೆ ಸರಿಯಾಗಿತ್ತು ಮಗಳೇ.